ಕಾರಿನೊಳಗಿನ ನ್ಯಾವಿಗೇಷನ್‌ಗೆ ದುಡ್ಡು ಕೊಡಬೇಕಾ, ಫೋನೇ ಸಾಕಾ? ದಾವಣಗೆರೆ–ಚಿತ್ರದುರ್ಗದ ಓಡಾಟಕ್ಕೆ

ಮಂಡಕ್ಕಿ_ಮಿರ್ಚಿ

ಕಾರು ಬುಕ್ ಮಾಡೋ ಹಂತದಲ್ಲಿದ್ದೀನಿ. ಮಧ್ಯದ ವೇರಿಯಂಟ್‌ನಲ್ಲಿ ಟಚ್‌ಸ್ಕ್ರೀನು, ಕೇಬಲ್ ಹಾಕಿದರೆ ಆಂಡ್ರಾಯ್ಡ್ ಆಟೋ (ಫೋನಿನ ಮ್ಯಾಪು ಕಾರಿನ ಸ್ಕ್ರೀನಿನಲ್ಲಿ ಕಾಣೋದು), ಅಷ್ಟೇ. ಮೇಲಿನದರಲ್ಲಿ ಕಾರಿನೊಳಗೇ ನ್ಯಾವಿಗೇಷನ್ ಇದೆ. ಸನ್‌ರೂಫು, ಅಲಾಯ್ ವೀಲು ಎಲ್ಲ ಸೇರಿ ಲಕ್ಷದ ಮೇಲೆ ವ್ಯತ್ಯಾಸ. ಸನ್‌ರೂಫು ನನಗೆ ಬೇಡ. ಬರೀ ನ್ಯಾವಿಗೇಷನ್‌ಗೋಸ್ಕರ ಅಷ್ಟು ಸುರೀಬೇಕಾ ಅನ್ನೋದೇ ಪ್ರಶ್ನೆ.

ಓಡಾಟ: ತಿಂಗಳಿಗೆ ಎರಡು ಸಲ ದಾವಣಗೆರೆ–ಬೆಂಗಳೂರು. ಉಳಿದಂತೆ ಜಗಳೂರು, ಮೊಳಕಾಲ್ಮೂರು, ಹೊಸದುರ್ಗ ಕಡೆಯ ಹಳ್ಳಿಗಳು, ಅಲ್ಲಿ ನೆಟ್‌ವರ್ಕ್ ಬಂದರೆ ಬಂತು. "ನೆಟ್ ಇಲ್ಲದ ಕಡೆ ಫೋನ್ ಮ್ಯಾಪ್ ಸತ್ತ ಹಾಗೆ, ಕಾರಿನದು ಸೀದಾ ಸ್ಯಾಟಲೈಟಿಂದ ಓಡುತ್ತೆ" ಅಂತ ಶೋರೂಮಿನವರು ಹೇಳ್ತಾರೆ. ಎಷ್ಟು ನಿಜ?

ಏಳುಸುತ್ತು

ಅರ್ಧ ನಿಜ, ಅದೂ ಮಾರುವವರಿಗೆ ಬೇಕಾದ ಅರ್ಧ.

ಫೋನಿನ ಜಿಪಿಎಸ್ ಕೂಡ ಸ್ಯಾಟಲೈಟಿಂದಲೇ ಓಡುವುದು. ಸಿಮ್ ಕಿತ್ತಿಟ್ಟರೂ ನೀವು ಎಲ್ಲಿದ್ದೀರಿ ಎಂದು ಅದಕ್ಕೆ ಗೊತ್ತಾಗುತ್ತದೆ. ನೆಟ್ ಬೇಕಾಗುವುದು ಎರಡು ಕೆಲಸಕ್ಕೆ. ಒಂದು, ಯಾವ ಸ್ಯಾಟಲೈಟ್ ಆಕಾಶದಲ್ಲಿ ಎಲ್ಲಿದೆ ಎಂಬ ಮಾಹಿತಿಯನ್ನು ಬೇಗ ತರಿಸಿಕೊಳ್ಳಲು. ನೆಟ್ ಇಲ್ಲದಿದ್ದರೆ ಅದನ್ನೇ ಸ್ಯಾಟಲೈಟಿನಿಂದ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಇಳಿಸಿಕೊಳ್ಳಬೇಕು. ಬಯಲಲ್ಲಿ ಅರ್ಧ ನಿಮಿಷ ಹಿಡಿಯುತ್ತದೆ. ಎಲ್ಲ ಸ್ಯಾಟಲೈಟ್‌ಗಳ ಪೂರ್ತಿ ಪಟ್ಟಿ ಇಳಿಯಲು ಹನ್ನೆರಡೂವರೆ ನಿಮಿಷ. ಇದು ಕಾರಿನ ಯಂತ್ರಕ್ಕೂ ಅನ್ವಯಿಸುತ್ತದೆ. ಎರಡನೆಯದು ಮ್ಯಾಪು ಮತ್ತು ದಾರಿಯ ಲೆಕ್ಕ. ಮ್ಯಾಪನ್ನು ಮನೆಯ ವೈಫೈನಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಈ ವಿಷಯದಲ್ಲಿ ಫೋನೂ ಒಂದೇ, ಕಾರೂ ಒಂದೇ.

ಕಾರಿನದರಲ್ಲಿ ನಿಜವಾಗಿ ಹೆಚ್ಚಿಗೆ ಸಿಗುವುದು ಬೇರೆ. ಅದರ ಆಂಟೆನಾ ಛಾವಣಿಯ ಮೇಲೋ ಡ್ಯಾಶ್‌ಬೋರ್ಡಿನ ಒಳಗೋ ಒಂದು ಕಡೆ ಕದಲದೆ ಕೂತಿರುತ್ತದೆ. ಜೊತೆಗೆ ಚಕ್ರದ ವೇಗ ಅಳೆಯುವ ಸೆನ್ಸರು, ತಿರುವು ಅಳೆಯುವ ಗೈರೋ ಇವುಗಳ ಲೆಕ್ಕವನ್ನೂ ಅದು ತೆಗೆದುಕೊಳ್ಳುತ್ತದೆ. ಸಿಗ್ನಲ್ ತಪ್ಪಿದರೂ "ಇಷ್ಟು ಮೀಟರ್ ಮುಂದೆ ಬಂದೆ, ಇಷ್ಟು ಎಡಕ್ಕೆ ತಿರುಗಿದೆ" ಎಂದು ಚುಕ್ಕೆಯನ್ನು ಸರಿಸುತ್ತಲೇ ಇರುತ್ತದೆ. ಸುರಂಗ, ಉದ್ದದ ಕೆಳಸೇತುವೆ, ನೆಲಮಾಳಿಗೆಯ ಪಾರ್ಕಿಂಗ್ ಇಲ್ಲೆಲ್ಲ ಇದು ದೊಡ್ಡ ಉಪಕಾರ. ಆದರೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸುರಂಗವಿಲ್ಲ. ಜಗಳೂರು, ಮೊಳಕಾಲ್ಮೂರಿನ ಬಯಲಲ್ಲಿ ಆಕಾಶಕ್ಕೇನು ಬರ? ನಿಮಗೆ ಅದರ ಉಪಯೋಗ ಬೀಳುವುದು ಗೊರಗುಂಟೆಪಾಳ್ಯದ ಆಸುಪಾಸು, ಮೇಲುರಸ್ತೆಯ ಅಡಿಯಲ್ಲಿ ಸಾಗುವಾಗ ಮಾತ್ರ.

ಇನ್ನು ಮ್ಯಾಪಿನ ವಯಸ್ಸು. ಮುಖ್ಯ ಸಂಗತಿ ಇದೇ, ಶೋರೂಮಿನಲ್ಲಿ ಯಾರೂ ಬಾಯಿಬಿಡದ್ದೂ ಇದೇ. ಪರದೆಯಲ್ಲಿ ಚಿತ್ರದುರ್ಗ ತೆರೆದು ನೋಡಿ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಗೆ 48, ಹೊಸಪೇಟೆ ಕಡೆಯದಕ್ಕೆ 50 ಎಂದಿರಬೇಕು. ಇನ್ನೂ 4, 13 ಅಂತಿದ್ದರೆ ಆ ಮ್ಯಾಪಿನ ಬುಡ ತೀರಾ ಹಳೆಯದು; ಹೆದ್ದಾರಿಗಳ ಸಂಖ್ಯೆ ಬದಲಾದದ್ದು 2010ರಲ್ಲಿ. ಆಮೇಲೆ ಶಿವಮೊಗ್ಗ, ಬಳ್ಳಾರಿ ಹುಡುಕಿ. 2014ರ ನವೆಂಬರ್ 1ರಂದು ಇಂಗ್ಲಿಷ್ ಕಾಗುಣಿತ ಬದಲಾದ 12 ಊರುಗಳಲ್ಲಿ ಇವೂ ಇವೆ. ಹೊಸ ಕಾಗುಣಿತಕ್ಕೆ "ಸಿಗಲಿಲ್ಲ" ಎಂದು, ಹಳೆಯ ಶಿಮೋಗ, ಬೆಲ್ಲಾರಿಗೆ ತಟ್ಟನೆ ಓಗೊಟ್ಟರೆ ಅರ್ಥ ಮಾಡಿಕೊಳ್ಳಿ. ಕೊನೆಗೆ ಭರಮಸಾಗರ, ಆನಗೋಡಿನ ಹತ್ತಿರ ಹೆದ್ದಾರಿಯನ್ನು ದೊಡ್ಡದು ಮಾಡಿ. ಆರು ಪಥ ಆದ ಮೇಲಿನ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಬೇರೆಬೇರೆ ಗೆರೆಯಾಗಿ ಕಾಣುತ್ತವಾ? ಒಂದೇ ದಪ್ಪ ಗೆರೆಯಿದ್ದರೆ ಅದು ನಿಮ್ಮನ್ನು ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸುವುದಿಲ್ಲ.

ದಾವಣಗೆರೆಯ ಹೆಸರೇ ಒಂದು ತಾಪತ್ರಯ. ಇಂಗ್ಲಿಷಿನಲ್ಲಿ ನಡುವೆ ಒಂದು "ಎ" ಇರುವ ಕಾಗುಣಿತವೂ ಉಂಟು, ಇಲ್ಲದ್ದೂ ಉಂಟು. ಫೋನಿನ ಆ್ಯಪ್‌ಗೆ ಎರಡೂ ಒಂದೇ, ಕನ್ನಡದಲ್ಲಿ ಬರೆದರೂ ಆಗುತ್ತದೆ. ಕಾರಿನ ಹಳೆಯ ಕೀಲಿಮಣೆ ಅಕ್ಷರ ಒತ್ತುತ್ತಿದ್ದಂತೆ ಹೊಂದದ ಅಕ್ಷರಗಳನ್ನು ಮಂಕು ಮಾಡಿಬಿಡುತ್ತದೆ, ಮುಂದೆ ಒತ್ತಲಿಕ್ಕೇ ಬಿಡದು.

ಗಾಳಿಫ್ಯಾನ್

ಏಳುಸುತ್ತು ಅವರು ಕಾರಿನದನ್ನು ಸ್ವಲ್ಪ ಜಾಸ್ತಿಯೇ ಇಳಿಸಿದರು. ಎಲ್ಲ ಕಾರಿನ ಮ್ಯಾಪೂ 2010ರದ್ದಲ್ಲ. ಒಳಗೇ ಇ-ಸಿಮ್, ಅಂದರೆ ಕಾರಿನದೇ ನೆಟ್ ಸಂಪರ್ಕ ಇರುವ ಕಾರುಗಳು ಮ್ಯಾಪನ್ನು ತಾವೇ ಹೊಸದು ಮಾಡಿಕೊಳ್ಳುತ್ತವೆ, ಟ್ರಾಫಿಕ್ಕೂ ತೋರಿಸುತ್ತವೆ. ಸ್ಪೀಡೋಮೀಟರಿನ ಪಕ್ಕದಲ್ಲೇ ಬಾಣ ಬಂದರೆ ಕಣ್ಣು ರಸ್ತೆ ಬಿಡುವ ಹೊತ್ತು ಕಡಿಮೆ. ಕರೆ ಬಂದರೆ ಮ್ಯಾಪ್ ಮುಚ್ಚಿಹೋಗುವುದಿಲ್ಲ. ಬಿಸಿಲಿಗೆ ಪರದೆ ಕಪ್ಪಾಗುವುದಿಲ್ಲ. ಏಪ್ರಿಲ್‌ನಲ್ಲಿ ಚಳ್ಳಕೆರೆ ರಸ್ತೆಯಲ್ಲಿ ಗಾಜಿಗೆ ಅಂಟಿಸಿದ ಫೋನ್ ಎಷ್ಟು ಹೊತ್ತು ತಡೆದೀತು?

ಒಂದು ಮಾತು ಒಪ್ಪುತ್ತೇನೆ: ಇ-ಸಿಮ್ಮಿನ ಚಂದಾ ಎಷ್ಟು ವರ್ಷ ಪುಕ್ಕಟೆ, ಆಮೇಲೆ ವರ್ಷಕ್ಕೆ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಬೇಕು. ಚಂದಾ ಮುಗಿದ ದಿನ ಟ್ರಾಫಿಕ್ ಗೆರೆಗಳೂ ಹೋಗುತ್ತವೆ, ಮ್ಯಾಪ್ ಇದ್ದಲ್ಲೇ ನಿಲ್ಲುತ್ತದೆ.

ಏಳುಸುತ್ತು

ಇ-ಸಿಮ್ ಇದ್ದರೆ ಮಾತು ಬೇರೆ, ಸರಿ. ಆದರೆ ಈ ಬೆಲೆಯ ಕಾರುಗಳಲ್ಲಿ ಎಸ್‌ಡಿ ಕಾರ್ಡಿನ ಮ್ಯಾಪ್ ಇನ್ನೂ ಇದೆ. ಅದನ್ನು ಹೊಸದು ಮಾಡುವ ಕ್ರಮ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಮ್ಯಾಪಿನ ಆವೃತ್ತಿ ಬರೆದುಕೊಳ್ಳಬೇಕು, ಕಂಪ್ಯೂಟರಿನಲ್ಲಿ ಕಂಪನಿಯ ತಾಣದಿಂದ ಇಳಿಸಿ ಪೆನ್‌ಡ್ರೈವಿಗೋ ಅದೇ ಕಾರ್ಡಿಗೋ ತುಂಬಬೇಕು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯದು, ಅರ್ಧಕ್ಕೆ ನಿಲ್ಲುತ್ತದೆ. ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್ ಕ್ರಮವನ್ನು ಕಾರು ಒಪ್ಪುತ್ತದೋ ಇಲ್ಲವೋ ಕೈಪಿಡಿಯಲ್ಲಿ ನೋಡಬೇಕು. ಅದನ್ನು ಕಾರಿಗೆ ತುಂಬಿಸುವಾಗ ಎಂಜಿನ್ ಓಡುತ್ತಿರಬೇಕು. ಬರೀ ಕೀ ತಿರುಗಿಸಿಟ್ಟರೆ ಬ್ಯಾಟರಿ ಉಳಿಸಲು ಪರದೆ ನಡುವೆಯೇ ಆರುತ್ತದೆ, ಅರ್ಧ ಬರೆದ ಕಾರ್ಡು ಕೆಡುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಓಡಿಸಿ ಕೂರಬೇಡಿ. ಹಲವು ಕಂಪನಿಗಳ ಕಾರ್ಡಿಗೆ ಅದರದೇ ಗುರುತಿನ ಸಂಖ್ಯೆಯ ಬೀಗ ಇರುವುದರಿಂದ ಬೇರೆ ಕಾರ್ಡಿಗೆ ಕಾಪಿ ಹೊಡೆದರೆ ನಡೆಯುವುದಿಲ್ಲ. ಕಾರ್ಡು ಕಳೆದರೆ ಹೊಸದು ಕೊಳ್ಳಬೇಕು.

ಇನ್ನೊಂದು ಉದಾಹರಣೆ. 2021ರ ಡಿಸೆಂಬರ್‌ನಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ ಮುಚ್ಚಿದರು, 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟರು. ಎಸ್‌ಡಿ ಕಾರ್ಡಿಗೆ ಮುಚ್ಚಿದ್ದೂ ಗೊತ್ತಿಲ್ಲ, ತೆರೆದದ್ದೂ ಗೊತ್ತಿಲ್ಲ.

ಸರ್ವಿಸ್_ರಸ್ತೆ

ಫೋನ್ ಬಿಸಿಯಾಗೋ ಮಾತು ನಿಜ. ಆದರೆ ಅದು ಫೋನಿನ ತಪ್ಪಿಗಿಂತ ಇಡೋ ಜಾಗದ ತಪ್ಪು.

ಗಾಜಿಗೆ ಅಂಟಿಸಬೇಡಿ. ಎಸಿ ಗಾಳಿ ಬರೋ ಕಿಂಡಿಗೆ ಹಿಡಿಕೆ ಹಾಕಿ, ತಣ್ಣನೆ ಗಾಳಿ ನೇರ ಫೋನಿನ ಬೆನ್ನಿಗೆ ತಾಗಬೇಕು. ದಪ್ಪ ಕವರ್ ತೆಗೀರಿ. ಬಿಸಿಲು, ಪರದೆಯ ಪೂರ್ತಿ ಬೆಳಕು, ಜಿಪಿಎಸ್, ವೇಗದ ಚಾರ್ಜಿಂಗ್ ನಾಲ್ಕೂ ಸೇರಿದಾಗಲೇ ಫೋನು ಮೊದಲು ಬೆಳಕು ತಗ್ಗಿಸಿ, ಆಮೇಲೆ ಚಾರ್ಜ್ ನಿಲ್ಲಿಸೋದು. ವೈರ್‌ಲೆಸ್ ಚಾರ್ಜರ್ ಇನ್ನೂ ಬಿಸಿ. ಆಂಡ್ರಾಯ್ಡ್ ಆಟೋದಲ್ಲಾದರೆ ಫೋನಿನ ಪರದೆ ಆರಿಸಿ ಕೆಳಗಿಡಬಹುದು, ಅರ್ಧ ಬಿಸಿ ಅಲ್ಲೇ ಕಳೀತು. ಗಾಳಿಫ್ಯಾನ್ ಹೇಳಿದ ಕರೆಯ ಕಾಟವೂ ತಪ್ಪುತ್ತೆ.

ಹಿಡಿಕೆ ಆಯಸ್ಕಾಂತದ್ದಾದರೆ ಫೋನಿನ ದಿಕ್ಸೂಚಿ ಕೆಡುತ್ತೆ. ಓಡುವಾಗ ತೊಂದರೆ ಕಾಣಲ್ಲ, ಯಾಕಂದ್ರೆ ಆಗ ದಿಕ್ಕನ್ನು ಚಲನೆಯಿಂದ ಲೆಕ್ಕ ಹಾಕುತ್ತೆ. ನಿಂತು ಹೊರಡುವಾಗ ಬಾಣ ಉಲ್ಟಾ ತೋರಿಸುತ್ತೆ. ಗಾಂಧಿ ಸರ್ಕಲ್‌ನಲ್ಲಿ ಅಂಥ ಬಾಣ ನಂಬಿದರೆ ಒಂದು ಸುತ್ತು ಗ್ಯಾರಂಟಿ.

ಕಾರಿನ ಮಾಮೂಲಿ ಯುಎಸ್‌ಬಿ ಕಿಂಡಿ ಎಷ್ಟೋ ಸಲ ಅರ್ಧ ಆಂಪಿಯರ್ ಮಾತ್ರ ಕೊಡೋದು. ಮ್ಯಾಪ್ ಓಡಿಸ್ತಾ ಇದ್ದರೆ ಚಾರ್ಜ್ ಏರೋ ಬದಲು ಇಳಿಯುತ್ತೆ. ಹಿಡಿಕೆಯಲ್ಲಿಟ್ಟು ಓಡಿಸೋದಾದ್ರೆ 12 ವೋಲ್ಟಿನ ಸಾಕೆಟ್ಟಿಗೆ 18–20 ವಾಟಿನ ಚಾರ್ಜರ್ ಹಾಕಿ. ಆಂಡ್ರಾಯ್ಡ್ ಆಟೋಗೆ ಕಾರಿನ ಡೇಟಾ ಕಿಂಡಿಯೇ ಬೇಕು. ಕೇಬಲ್ ಮೀಟರಿಗಿಂತ ಕಮ್ಮಿ ಉದ್ದ, ಡೇಟಾ ಒಯ್ಯೋ ಕೇಬಲ್ಲೇ ಆಗಿರಬೇಕು. ಹಂಪ್ ಹಾರಿದಾಗೆಲ್ಲ ಸಂಪರ್ಕ ಕಡಿದರೆ ಮೊದಲು ಫೋನಿನ ಕಿಂಡಿಯಲ್ಲಿ ಜೇಬಿನ ನೂಲು ಕೂತಿದೆಯಾ ನೋಡಿ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿ, ಪಿನ್ನು ಹಾಕಬೇಡಿ.

ಆ್ಯಪ್‌ನೊಳಗೆ ನೋಡಬೇಕಾದ್ದು: ಗೂಗಲ್ ಮ್ಯಾಪ್ಸ್‌ನಲ್ಲಿ ಮೂಲೆಯ ನಿಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚೌಕವನ್ನು ಹರಿಹರದಿಂದ ಮೊಳಕಾಲ್ಮೂರಿನವರೆಗೂ ಕೆಳಗೆ ಹಿರಿಯೂರು ದಾಟುವಂತೆ ಎಳೆದು ಇಳಿಸಿ. ಎಷ್ಟು ಎಂಬಿ ಅಂತ ಅಲ್ಲೇ ತೋರಿಸುತ್ತೆ. ಹೊಸದು ಮಾಡದೇ ಬಿಟ್ಟರೆ ಅವಧಿ ಮುಗಿದು ಅಳಿಸಿಹೋಗುತ್ತೆ, ಅದಕ್ಕೇ ಆಟೋ ಅಪ್‌ಡೇಟ್ ಆನ್ ಇರಲಿ. ಆಫ್‌ಲೈನಿನಲ್ಲಿ ಟ್ರಾಫಿಕ್ ಬರಲ್ಲ, ಪರ್ಯಾಯ ದಾರಿಯೂ ಬರಲ್ಲ.

ಆಮೇಲೆ ಎಲ್ಲರೂ ಬೀಳೋ ಹಳ್ಳ. ಆ್ಯಪ್ ಬೈಕಿನ ಗುರುತಿನಲ್ಲೇ ಉಳಿದಿರುತ್ತೆ. ಬೈಕ್ ಹೋಗೋ ಸಂದಿಗೆ ಕಾರನ್ನು ನುಗ್ಗಿಸುತ್ತೆ. ಮಂಡಿಪೇಟೆ, ಚೌಕಿಪೇಟೆ ಗಲ್ಲಿಯಲ್ಲಿ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಅನ್ನೋ ಸ್ಥಿತಿ ಇದರಿಂದಲೇ. "ಟೋಲ್ ತಪ್ಪಿಸು" ಆನ್ ಇದ್ದರೂ ಹೆದ್ದಾರಿ ಬಿಟ್ಟು ಊರೂರು ಸುತ್ತಿಸುತ್ತೆ. ಇಂಧನ ಉಳಿಸೋ ದಾರಿ ಅನ್ನೋ ಆಯ್ಕೆಯನ್ನೂ ಹಳ್ಳಿ ಕಡೆ ತೆಗೆದಿಡಿ. ರಸ್ತೆ ಕಿರಿದಾದರೆ ತಪ್ಪಿಸೋ ಸೌಲಭ್ಯವನ್ನು ಗೂಗಲ್ 2024ರಲ್ಲಿ ಶುರು ಮಾಡಿದ್ದು ಎಂಟು ನಗರಕ್ಕೆ. ಅದರಲ್ಲಿ ಬೆಂಗಳೂರು ಇದೆ, ನಮ್ಮೂರು ಇರಲಿಲ್ಲ.

ಮಂಡಕ್ಕಿ_ಮಿರ್ಚಿ

ಬೈಕಿನ ಗುರುತು! ಈಗಲೇ ನೋಡಿದೆ, ನನ್ನದೂ ಅದರಲ್ಲೇ ಇದೆ.

ಇನ್ನೊಂದು: ಗೆಳೆಯರ ಕಾರಿನಲ್ಲಿ ಹೊರಗಡೆ ಹಾಕಿಸಿದ ಸ್ಕ್ರೀನ್ ಇದೆ. ಅದಕ್ಕೆ ಆಂಡ್ರಾಯ್ಡ್ ಆಟೋ ಸೇರಿಸಿದರೆ ಚುಕ್ಕೆ ರಸ್ತೆ ಬಿಟ್ಟು ಹೊಲದಲ್ಲಿ ಓಡುತ್ತೆ. ಕೇಬಲ್ ಕಿತ್ತರೆ ಅದೇ ಫೋನಿನಲ್ಲಿ ಸರಿಯಾಗಿರುತ್ತೆ. ಫೋನು ಒಂದೇ ಅಲ್ವಾ?

ಏಳುಸುತ್ತು

ಫೋನು ಒಂದೇ, ಜಿಪಿಎಸ್ ಎರಡು. ಆಂಡ್ರಾಯ್ಡ್ ಆಟೋ, ಐಫೋನಿನ ಕಾರ್‌ಪ್ಲೇ ಎರಡೂ ಕಾರಿನ ಸ್ಕ್ರೀನ್ ತನ್ನದೇ ಜಿಪಿಎಸ್ ಮಾಹಿತಿ ಕೊಟ್ಟರೆ ಅದನ್ನು ಬಳಸಬಲ್ಲವು. ಆ ಆಂಟೆನಾ ಕೆಟ್ಟ ಜಾಗದಲ್ಲಿದ್ದರೆ ಒಳ್ಳೆಯ ಫೋನೂ ಕೆಟ್ಟ ಚುಕ್ಕೆ ತೋರಿಸುತ್ತದೆ.

ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಇದು: ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿ, ಅಡಿಯಲ್ಲಿ ಆಯಸ್ಕಾಂತ, ತೆಳು ಕರಿ ವೈರು. ಕೂರಿಸುವವರು ಅದನ್ನು ಸ್ಕ್ರೀನಿನ ಬೆನ್ನಿಗೆ, ಲೋಹದ ಚೌಕಟ್ಟಿನ ನಡುವೆ ತುರುಕಿ ಪ್ಯಾನೆಲ್ ಮುಚ್ಚಿರುತ್ತಾರೆ, ಎಷ್ಟೋ ಸಲ ಮಗುಚಿ. ಅದರ ನುಣುಪಾದ ಮೇಲ್ಮೈ ಆಕಾಶ ನೋಡಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಅಡಿಯಲ್ಲಿದ್ದರೆ ಪರವಾಗಿಲ್ಲ, ಲೋಹದ ಅಡಿಯಲ್ಲಿ ಇರಕೂಡದು. ಆಯಸ್ಕಾಂತದ ಕೆಳಗೆ ಒಂದು ಸಣ್ಣ ತಗಡಿನ ಚೂರಿದ್ದರೆ ಇನ್ನೂ ಒಳ್ಳೆಯದು. ಕಂಪನಿಯ ಕಾರುಗಳಲ್ಲಿ ಫಾಕ್ರಾ ಎಂಬ ಜೋಡಣೆ ಬರುತ್ತದೆ, ಜಿಪಿಎಸ್ಸಿನದಕ್ಕೆ ನೀಲಿ ಬಣ್ಣ. ಟಕ್ ಎಂದು ಕೂತಿದೆಯಾ ನೋಡಿ.

ಆಂಟೆನಾ ಸರಿಯಿದ್ದೂ ಹೀಗಾದರೆ ಡ್ಯಾಶ್‌ಕ್ಯಾಮ್ ವೈರ್ ಕಿತ್ತು ಪರೀಕ್ಷಿಸಿ. ಜಿಪಿಎಸ್ ಬರುವುದು 1575.42 ಮೆಗಾಹರ್ಟ್ಸ್‌ನಲ್ಲಿ, ಸದ್ದೇ ಇಲ್ಲದಷ್ಟು ಸಣ್ಣಗೆ. ಅಗ್ಗದ ಡ್ಯಾಶ್‌ಕ್ಯಾಮು ಮತ್ತದರ ಚಾರ್ಜರು ಆ ಸುತ್ತಲೇ ಗದ್ದಲ ಮಾಡುತ್ತವೆ. ಫೋನಿನಲ್ಲಿ ಸ್ಯಾಟಲೈಟ್ ತೋರಿಸುವ ಯಾವುದಾದರೂ ಆ್ಯಪ್ ಹಾಕಿ ಸಿಗ್ನಲ್ ಕಂಬಗಳನ್ನು ನೋಡಿ: 35ರ ಮೇಲಿದ್ದರೆ ಆರೋಗ್ಯ, 25ಕ್ಕಿಂತ ಕೆಳಗಿದ್ದರೆ ಕಾಯಿಲೆ. ಡ್ಯಾಶ್‌ಕ್ಯಾಮ್ ಕಿತ್ತ ಕೂಡಲೇ ಕಂಬಗಳು ಎದ್ದರೆ ಕಳ್ಳ ಸಿಕ್ಕಂತೆ. ಬಿಸಿಲು ತಡೆಯುವ ಲೋಹಲೇಪಿತ ಗಾಜಿದ್ದರೂ ಕಂಬ ಬೀಳುತ್ತವೆ. ಅಂಥ ಗಾಜಿನಲ್ಲಿ ಕನ್ನಡಿಯ ಹಿಂದೆ ಲೇಪನವಿಲ್ಲದ ಪಟ್ಟಿ ಬಿಟ್ಟಿರುತ್ತಾರೆ, ಫಾಸ್ಟ್ಯಾಗ್ ಅಂಟಿಸುವುದೂ ಅಲ್ಲೇ.

ಕಾವಲುದಾರಿ

ಹಳ್ಳಿ ಓಡಾಟದ ಬಗ್ಗೆ ಯಾರೂ ಬರೆದಿಲ್ಲ, ಅದನ್ನಷ್ಟು ಹೇಳ್ತೀನಿ.

ಗೊಲ್ಲರಹಟ್ಟಿ, ಹೊಸಹಳ್ಳಿ, ರಾಂಪುರ ಇಂಥ ಹೆಸರನ್ನು ಬರೀ ಹೆಸರಾಗಿ ಹುಡುಕಬೇಡಿ. ತಾಲ್ಲೂಕಿಗೊಂದಲ್ಲ, ಹೋಬಳಿಗೊಂದು ಸಿಗುತ್ತವೆ. ಪಿನ್‌ಕೋಡೂ ಪೂರ್ತಿ ಕಾಯಲ್ಲ, ಒಂದೊಂದರ ಅಡಿಯಲ್ಲಿ ಹತ್ತಾರು ಹಳ್ಳಿ. ಹೋಗುವ ಮನೆಯವರಿಂದ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಂಡು ನೆಟ್ ಇರುವಾಗಲೇ ಸೇವ್ ಮಾಡಿ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಇದೆ: ಹತ್ತು ಅಕ್ಷರ-ಅಂಕಿ, ನಾಲ್ಕು ಮೀಟರ್ ಚೌಕಕ್ಕೊಂದು.

ಕಾರಿನ ನ್ಯಾವಿಗೇಷನ್‌ಗೆ ಇದ್ಯಾವುದೂ ಅರ್ಥವಾಗದಿದ್ದರೆ ಅಕ್ಷಾಂಶ ರೇಖಾಂಶ ಕೊಡಬಹುದು. ಆದರೆ ಹುಷಾರು. ಫೋನು ಕೊಡೋದು ದಶಾಂಶದಲ್ಲಿ, ಕಾರು ಕೇಳೋದು ಹಲವು ಸಲ ಡಿಗ್ರಿ-ನಿಮಿಷ-ಸೆಕೆಂಡಿನಲ್ಲಿ. ಚಿತ್ರದುರ್ಗ 14.23, 76.40. ಇದನ್ನೇ 14 ಡಿಗ್ರಿ 23 ನಿಮಿಷ, 76 ಡಿಗ್ರಿ 40 ನಿಮಿಷ ಅಂತ ಒತ್ತಿದರೆ ಕಾರು ದುರ್ಗ ಬಿಟ್ಟು 33 ಕಿಲೋಮೀಟರ್ ಆಚೆ, ಚಳ್ಳಕೆರೆಯನ್ನೂ ದಾಟಿದ ಬಯಲಿಗೆ ಒಯ್ಯುತ್ತೆ. ಚುಕ್ಕೆಯ ನಂತರದ ಭಾಗವನ್ನು 60ರಿಂದ ಗುಣಿಸಬೇಕು: 0.23ಕ್ಕೆ 13 ನಿಮಿಷ 48 ಸೆಕೆಂಡು, 0.40ಕ್ಕೆ 24 ನಿಮಿಷ. ಮನೆ ಹುಡುಕುವಾಗ ದಶಾಂಶದ ನಾಲ್ಕೈದು ಅಂಕಿ ಬೇಕು. ಎರಡೇ ಅಂಕಿ ಕೊಟ್ಟರೆ ಊರು ಸಿಗುತ್ತೆ, ಮನೆ ಸಿಗಲ್ಲ.

ನಮ್ಮ ಕಡೆ ಮ್ಯಾಪ್ ಎರಡು ಕಡೆ ಮೋಸ ಮಾಡುತ್ತೆ, ಫೋನಿನದಾದರೂ ಅಷ್ಟೇ. ಮಾರಿಕಣಿವೆ (ವಾಣಿವಿಲಾಸ ಸಾಗರ) ಹಿನ್ನೀರು: 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ದಶಕಗಳಲ್ಲಿ ನೀರು ಬಾರದ ಅಂಚಿನಲ್ಲಿ ಹೊಲ ಆಗಿತ್ತು, ದಾರಿಗಳೂ ಬಿದ್ದಿದ್ದವು. ಕೆರೆ ತುಂಬಿದಾಗ ಹೊಸದುರ್ಗ ಕಡೆಯ ಅಂಥ ಗೆರೆ ಹಿಡಿದರೆ ನೀರಿಗೇ ಹೋಗಿ ನಿಲ್ಲೋದು. ಇನ್ನೊಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲು. ವಿಜ್ಞಾನ ಸಂಸ್ಥೆಗಳಿಗೆ ಜಾಗ ಕೊಟ್ಟ ಮೇಲೆ ಕಾಂಪೌಂಡ್ ಎದ್ದಿದೆ. ಹಳೆ ಮ್ಯಾಪಿನ ಬಂಡಿಜಾಡು ಗೋಡೆಗೆ ಡಿಕ್ಕಿ. ಕತ್ತಲಲ್ಲಿ ಗೊತ್ತಿಲ್ಲದ ದಾರಿಯಲ್ಲಿ ಗೆರೆ ಇದ್ದ ಮಾತ್ರಕ್ಕೆ ನುಗ್ಗಬಾರದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ನೆರೆಗೆ ಕೊಚ್ಚಿಹೋದ ಸೇತುವೆಯಿಂದ ಕಾರು ಬಿದ್ದು ಮೂವರು ತೀರಿಕೊಂಡರು. ಸೇತುವೆ ತುಂಡಾದದ್ದು ಮ್ಯಾಪಿಗೆ ಸೇರಿರಲಿಲ್ಲ.

ದಾರಿಯನ್ನು ನಿಮ್ಮ ಹಿಡಿತದಲ್ಲಿಡೋ ಉಪಾಯ: ನಡುವೆ ಒಂದು ನಿಲ್ದಾಣ ಸೇರಿಸಿ. ಹೊಸದುರ್ಗಕ್ಕೆ ಹೊಳಲ್ಕೆರೆ ಮೇಲೆಯೇ ಹೋಗಬೇಕಾದರೆ ಹೊಳಲ್ಕೆರೆಯನ್ನು ಸ್ಟಾಪ್ ಮಾಡಿ, ಅಡ್ಡದಾರಿ ತೋರಿಸೋದು ನಿಲ್ಲುತ್ತೆ.

ಗಾಳಿಫ್ಯಾನ್

ಕಾನೂನಿನ ಮಾತೂ ಸೇರಿಸುತ್ತೇನೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ನಿಯಮದ ಪ್ರಕಾರ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬಹುದು. ಹಿಡಿಕೆಯಲ್ಲಿದ್ದರೆ ಪೊಲೀಸರಿಗೆ ಹಾಗೆ ಹೇಳಬಹುದು, ಕೈಯಲ್ಲಿ ಹಿಡಿದು "ಮ್ಯಾಪ್ ನೋಡ್ತಿದ್ದೆ ಸಾರ್" ಎಂದರೆ ವಾದ ಕಷ್ಟ.

ಮಂಡಕ್ಕಿ_ಮಿರ್ಚಿ

ಮಧ್ಯದ ವೇರಿಯಂಟ್ ಅಂತ ಹೆಚ್ಚುಕಮ್ಮಿ ತೀರ್ಮಾನ ಆಯ್ತು. ಶನಿವಾರ ಟೆಸ್ಟ್ ಡ್ರೈವ್. ಆಂಡ್ರಾಯ್ಡ್ ಆಟೋ ಸರಿ ಇದೆಯಾ ಅಂತ ಅರ್ಧ ಗಂಟೆಯಲ್ಲಿ ಹೇಗೆ ನೋಡೋದು?

ಸರ್ವಿಸ್_ರಸ್ತೆ

ಶುಕ್ರವಾರ ರಾತ್ರಿಯೇ ಆಫ್‌ಲೈನ್ ಮ್ಯಾಪ್ ಇಳಿಸಿಡಿ. ಕಾರಿಗೆ ಸೇರಿಸಿದ ಮೇಲೆ ಮೊಬೈಲ್ ಡೇಟಾ ಆಫ್ ಮಾಡಿ ಆನಗೋಡಿಗೆ ದಾರಿ ಹಾಕಿ. ನೆಟ್ ಇಲ್ಲದೇ ದಾರಿ ಹುಟ್ಟಬೇಕು, ಕನ್ನಡ ದನಿ ಬರಬೇಕು. ಬೇಕಂತಲೇ ಒಂದು ತಿರುವು ತಪ್ಪಿಸಿ. ಕೆಲವೇ ಸೆಕೆಂಡಿನಲ್ಲಿ ಹೊಸ ದಾರಿ ಕೊಡಬೇಕು. ಹೆದ್ದಾರಿಯಿಂದ ಸರ್ವಿಸ್ ರಸ್ತೆಗಿಳಿದಾಗ ಚುಕ್ಕೆ ಸ್ವಲ್ಪ ಹೊತ್ತು ಮೇಲೇ ಉಳಿದರೆ ಗಾಬರಿ ಬೇಡ. ಬಯಲಲ್ಲೂ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಆಗೋದೇ, ಎರಡು ರಸ್ತೆಯ ನಡುವೆ ಅಷ್ಟೇ ಅಂತರ. ಅಲ್ಲಿ ಬೋರ್ಡ್ ನೋಡಿ ಇಳೀಬೇಕು. ಊರಿನ ಡಿಸಿಎಂ ಟೌನ್‌ಶಿಪ್ ಹತ್ತಿರದ ರೈಲ್ವೆ ಕೆಳಸೇತುವೆ ದಾಟಿ, ಆಚೆ ಬಂದ ಮೇಲೆ ಎಷ್ಟು ಹೊತ್ತಿಗೆ ಚುಕ್ಕೆ ಸರಿಹೋಗುತ್ತೆ ಎಣಿಸಿ. ಎರಡು ಮೂರು ಹಂಪ್ ಜೋರಾಗೇ ಹಾರಿಸಿ.

ಫೋನೂ ಕೇಬಲ್ಲೂ ನಿಮ್ಮದೇ ಒಯ್ಯಿರಿ. ಶೋರೂಮಿನವರ ಕೇಬಲ್ ಹೊಸದಿರುತ್ತೆ, ಅದರಲ್ಲಿ ಎಲ್ಲ ಕಾರೂ ಪಾಸ್.